ಚಲಪತಿಯ ಮೊದಲನೇ ಕ್ಯಾಸೆಟ್ಟು

ಎರಡು ಸಾವಿರದ ಒಂಬತ್ತನೇ ಇಸವಿ, ಜೂನ್ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಮುಳಬಾಗಿಲಿನ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಜಾನಕಿ, ನನ್ನ ಹಳೆಯ ವಿದ್ಯಾರ್ಥಿ ಚಲಪತಿ, ಅವನ ಜೊತೆಗಾರ ರೇಡಿಯೋ ರಿಪೇರಿ ಬಾಬಾಜಾನ್. ಎಂಟಕ್ಕೆ ಬರುತ್ತೇವೆ ಎಂದಿದ್ದರು. ಹತ್ತು ನಿಮಿಷ ತಡ. ಅದನ್ನು ಡೈರಿಯಲ್ಲಿ ಬರೆದುಕೊಂಡೆ.

ಚಲಪತಿ ಕಾಫಿ ಲೋಟ ಮುಟ್ಟಲಿಲ್ಲ. ನೇರವಾಗಿ ವಿಷಯಕ್ಕೆ ಬಂದ.

“ಸಾರ್, ನಮ್ ಮೊದಲ್ನೇ ಕ್ಯಾಸೆಟ್ಟು ನಿಮ್ಮತ್ರ ಐತಂತೆ.”

“ಇದೆ.”

“ಅದನ್ನ ಕೊಟ್ಬಿಡಿ ಸಾರ್.”

“ಯಾಕೆ?”

“ಸುಟ್ಟಾಕ್ತೀನಿ.”

ಬಾಬಾಜಾನ್ ಕಿಟಕಿಯ ಕಡೆ ನೋಡಿದ. ಅವನೇ ಬಾಯಿಬಿಟ್ಟವನು ಎಂದು ಅರ್ಥವಾಯಿತು. ಬೆಂಗಳೂರಿನ ಯಾರೋ ಒಬ್ಬ ತರುಣ, ನಮ್ಮ ಕಡೆಯ ಹಳೆಯ ರ‍್ಯಾಪ್ ಹಾಡುಗಳನ್ನೆಲ್ಲ ಹುಡುಕಿ ಕಂಪ್ಯೂಟರಿಗೆ ಹಾಕಿ ಜನರಿಗೆ ಕೇಳಿಸುವ ಕೆಲಸ ಹಿಡಿದಿದ್ದಾನಂತೆ. ಬಾಬಾಜಾನನ ಅಂಗಡಿಗೆ ಬಂದು ನಿಮ್ಮದು ಎಲ್ಲಕ್ಕಿಂತ ಹಳೆಯದು ಯಾವುದು ಎಂದು ಕೇಳಿದ್ದಾನೆ. ಇವನು ಉಬ್ಬಿಹೋಗಿ, ತೊಂಬತ್ತಾರನೇ ಇಸವಿಯದು ಒಂದಿದೆ, ಟೈಪಿಂಗ್ ಮೇಷ್ಟ್ರ ಬೀರುವಿನಲ್ಲಿದೆ, ಅದೊಂದೇ ಪ್ರತಿ ಎಂದಿದ್ದಾನೆ. ಮುಂದಿನ ಭಾನುವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಆತ ಹೇಳಿಹೋಗಿದ್ದಾನೆ. ಅಷ್ಟರೊಳಗೆ ಆ ಕ್ಯಾಸೆಟ್ಟು ಭೂಮಿಯ ಮೇಲೆ ಇರಬಾರದು ಎಂಬುದು ಚಲಪತಿಯ ಇಚ್ಛೆ.

“ಕೊಡುವುದಿಲ್ಲ,” ಎಂದೆ. “ಕಾಫಿ ಕುಡಿ, ಆರಿಹೋಗ್ತಿದೆ.”

ಮುಂದೆ ಹೋಗುವ ಮೊದಲು ಕೆಲವು ವಿಷಯ ಸ್ಪಷ್ಟಪಡಿಸಬೇಕು. ಚಲಪತಿ ಹಾಡುಗಾರ. ಆದರೆ ರಾಗ ಎಳೆಯುವವನಲ್ಲ, ತಾಳದ ಮೇಲೆ ಮಾತನ್ನು ಓಡಿಸುವವನು. ಆ ತಾಳವನ್ನೂ ಅದರ ಸುತ್ತಲಿನ ಸದ್ದನ್ನೂ ಕಟ್ಟಿಕೊಡುವವನು ಬಾಬಾಜಾನ್. ಹದಿಮೂರು ವರ್ಷದಿಂದ ಇಬ್ಬರೂ ಇದನ್ನು ಬಿಡದೆ ಮಾಡಿಕೊಂಡು ಬಂದಿದ್ದಾರೆ. ರೇಡಿಯೋದಲ್ಲಿ ಒಂದು ಸಲವೂ ಬಂದಿಲ್ಲ, ಟಿ.ವಿ.ಯಲ್ಲಂತೂ ಇಲ್ಲವೇ ಇಲ್ಲ. ಆದರೂ ಶ್ರೀನಿವಾಸಪುರದ ಕಡೆ ಹೋಗುವ ಖಾಸಗಿ ಬಸ್ಸು ಹತ್ತಿದರೆ ಡ್ರೈವರ್ ತಲೆಯ ಮೇಲಿನ ಪೆಟ್ಟಿಗೆಯಿಂದ ಚಲಪತಿಯ ದನಿ ಬರುತ್ತದೆ. ಮಾಲೂರಿನ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಫೋನಿಗೆ ಹಾಕಿಕೊಡುತ್ತಾರೆ. ಪೇಪರಿನಲ್ಲಿ ಹೆಸರು ಬಂದಿಲ್ಲದ ಈ ಮನುಷ್ಯನ ಹಾಡು, ಪೇಪರ್ ಓದದವರಿಗೆಲ್ಲ ಬಾಯಿಪಾಠ.

ಇನ್ನು ನನ್ನ ವಿಷಯ. ನನಗೆ ಎಪ್ಪತ್ತೊಂದು ವರ್ಷ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಐದೂಕಾಲಿಗೆ ತಣ್ಣೀರು ಸ್ನಾನ, ಆಮೇಲೆ ಸಂಧ್ಯಾವಂದನೆ, ಆಮೇಲೆ ಒಂದು ಲೋಟ ರಾಗಿ ಗಂಜಿ. ಆರೂವರೆಯಿಂದ ಏಳರ ತನಕ ರ‍್ಯಾಪ್ ಕೇಳುತ್ತೇನೆ. ನಮ್ಮ ಬೀದಿಯಲ್ಲಿ ಇದನ್ನು ಮೆಚ್ಚುವವರಿಲ್ಲ. ಯಾರ ಮೆಚ್ಚುಗೆಗೂ ನಾನು ಅರ್ಜಿ ಹಾಕಿಲ್ಲ. “ಈ ವಯಸ್ಸಲ್ಲಿ ಇದೇನು ಸ್ವಾಮಿ,” ಎಂದು ಎದುರು ಮನೆಯವರು ಒಮ್ಮೆ ಕೇಳಿದರು. “ಈ ವಯಸ್ಸಲ್ಲಿ ಅಲ್ಲದಿದ್ದರೆ ಇನ್ಯಾವಾಗ?” ಎಂದೆ. ನೀವೂ ಇದನ್ನು ಓದುತ್ತಾ ಮೂಗು ಮುರಿದಿದ್ದರೆ ಆರಾಮಾಗಿ ಮುರಿಯಿರಿ, ನಾನು ಕಾಯುತ್ತೇನೆ.

ಮೂವತ್ತೊಂದು ವರ್ಷ ನಾನು ಟೈಪಿಂಗ್ ಕಲಿಸಿದೆ. ಮುಳಬಾಗಿಲಿನ ಪೇಟೆ ಬೀದಿಯ ಒಂದು ಮಹಡಿ, ಹನ್ನೆರಡು ಯಂತ್ರ, ಒಂದು ಗೋಡೆ ಗಡಿಯಾರ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಬಾಬಾಜಾನನ ರಿಪೇರಿ ಅಂಗಡಿ. ನನ್ನಲ್ಲಿ ಒಂದು ನಿಯಮವಿತ್ತು. ವಿದ್ಯಾರ್ಥಿ ಮೊದಲ ದಿನ ಹೊಡೆದ ಹಾಳೆಯನ್ನು, ಅದರಲ್ಲಿ ಎಷ್ಟೇ ತಪ್ಪಿರಲಿ, ಕೆಂಪು ಶಾಯಿಯಲ್ಲಿ ತಪ್ಪು ಸುತ್ತಿ ಫೈಲಿಗೆ ಹಾಕಿ ಇಡುತ್ತಿದ್ದೆ. ಪರೀಕ್ಷೆ ಪಾಸಾದ ದಿನ ಕೊನೆಯ ಹಾಳೆಯನ್ನು ಅದರ ಮೇಲಿಟ್ಟು ದಾರ ಹಾಕಿ ಹೊಲಿಯುತ್ತಿದ್ದೆ. ನೋಡುವುದಕ್ಕೆ ಕೊಡುತ್ತಿದ್ದೆ, ಒಯ್ಯುವುದಕ್ಕೆ ಕೊಡುತ್ತಿರಲಿಲ್ಲ. ಈಗ ತಾಲ್ಲೂಕು ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತಿರುವ ಒಬ್ಬರು ಆ ಹಾಳೆ ಹರಿದುಬಿಡಿ ಎಂದು ಎರಡು ಸಲ ಮನೆಗೇ ಬಂದು ಕೇಳಿದ್ದಾರೆ. ಹರಿದಿಲ್ಲ. ತಪ್ಪು ಮಾಡಿದ ಹಾಳೆ ಇಲ್ಲದೆ ಒಪ್ಪ ಮಾಡಿದ ಹಾಳೆಗೆ ಏನು ಬೆಲೆ? ಇನ್‌ಸ್ಟಿಟ್ಯೂಟ್ ಮುಚ್ಚಿ ಆರು ವರ್ಷವಾಯಿತು. ಬೀರು ಮಾತ್ರ ಮನೆಗೆ ಬಂತು. ಚಲಪತಿಯ ಕ್ಯಾಸೆಟ್ಟು ಇದ್ದದ್ದು ಆ ಬೀರುವಿನಲ್ಲಿ, ಆ ಹಾಳೆಗಳ ಪಕ್ಕದಲ್ಲಿ. ಅಂದಮೇಲೆ ಅದಕ್ಕೂ ಅದೇ ನಿಯಮ.

“ಸಾರ್, ಟೈಪಿಂಗ್ ಹಾಳೆ ಬೇರೆ, ಇದು ಬೇರೆ,” ಎಂದ ಚಲಪತಿ. “ಅದ್ರಲ್ಲಿ ನಾನು ಏನೇನ್ ಅಂದಿದೀನಿ ಗೊತ್ತಾ? ಐ ಯಾಮ್ ದಿ ಕಿಂಗ್ ಆಫ್ ದಿ ಸಿಟಿ ಅಂದಿದೀನಿ. ಯಾವ್ ಸಿಟಿ ಸಾರ್? ಮುಳಬಾಗಿಲು!”

“ಕೈಯಲ್ಲಿ ಗನ್ನು ಐತೆ ಅಂತಾನೂ ಅಂದವ್ನೆ,” ಎಂದ ಬಾಬಾಜಾನ್, ಕಿಟಕಿಯ ಕಡೆಯಿಂದಲೇ.

“ಲೇ, ನೀನು ಸುಮ್ಕಿರೋ.”

“ಇವನತ್ರ ಆಗ ಇದ್ದಿದ್ದು ಒಂದು ಅಟ್ಲಾಸು ಸೈಕಲ್ಲು ಅಮ್ಮಾ. ಅದಕ್ಕೂ ಬ್ರೇಕಿಲ್ಲ.”

ಜಾನಕಿ ನಗು ತಡೆದುಕೊಳ್ಳಲು ಅಡುಗೆಮನೆಗೆ ಹೋದಳು.

ಚಲಪತಿ ಕುರುಡುಮಲೆಯ ಹತ್ತಿರದ ಹಳ್ಳಿಯವನು. ಮನೆಯಲ್ಲಿ ರಾಗಿ, ಟೊಮೇಟೊ, ಒಂದಿಷ್ಟು ಹಿಪ್ಪುನೇರಳೆ. ಇಪ್ಪತ್ತೊಂದನೇ ವಯಸ್ಸಿಗೆ ಟೈಪಿಂಗ್ ಕಲಿಯಲು ಬಂದ. ಬೆರಳು ಚುರುಕು, ಆದರೆ ಸಮವಿಲ್ಲ. ಮೂರು ಅಕ್ಷರ ಓಡುತ್ತದೆ, ಒಂದು ಅಕ್ಷರ ಕಾಯುತ್ತದೆ, ಮತ್ತೆ ಮೂರು ಓಡುತ್ತದೆ. “ಬೇಗ ಬೇಡ, ಸಮ ಬೇಕು,” ಎಂದು ಸ್ಕೇಲಿನಿಂದ ಮೇಜು ಕುಟ್ಟಿ ಹೇಳುತ್ತಿದ್ದೆ. ಜೂನಿಯರ್ ಗ್ರೇಡಿನಲ್ಲಿ ಎರಡು ಸಲ ಫೇಲಾದ. ಆ ಅಸಮವೇ ಮುಂದೆ ಅವನ ಬಂಡವಾಳವಾಯಿತು ಎಂದು ನನಗಾಗ ತಿಳಿಯಲಿಲ್ಲ. ತಿಳಿಯುವುದಕ್ಕೆ ನನಗೆ ಸುಮಾರು ಹತ್ತು ವರ್ಷ ಹಿಡಿಯಿತು. ನಿಧಾನ ವಿದ್ಯಾರ್ಥಿ ನಾನೇ.

ನಾನು ತಾಳ ಕಲಿತದ್ದು ಮಗ್ಗಿಯಿಂದ. ನಮ್ಮಪ್ಪ ಸಾಲಾಗಿ ನಮ್ಮ ನಾಲ್ವರನ್ನು ಜಗಲಿಯ ಮೇಲೆ ಕೂರಿಸಿ, ತೊಡೆ ತಟ್ಟಿಕೊಂಡು ಹದಿನೇಳರ ಮಗ್ಗಿ ಒಂದೇ ಉಸಿರಿಗೆ ಹೇಳಿಸುತ್ತಿದ್ದರು. ಉಸಿರು ನಡುವೆ ಮುರಿದರೆ ಮತ್ತೆ ಮೊದಲಿನಿಂದ. ಹದಿನೇಳು ಏಳರ ಹತ್ತಿರ ನನ್ನ ಉಸಿರು ತಪ್ಪದೆ ಮುರಿಯುತ್ತಿತ್ತು. ಒಳಗಿನಿಂದ ಅಜ್ಜಿ ತೆಲುಗಿನಲ್ಲಿ ಅಪ್ಪನನ್ನು ಬೈಯುತ್ತಿದ್ದಳು, ಅಪ್ಪ ಕನ್ನಡದಲ್ಲಿ ನನ್ನನ್ನು ಬೈಯುತ್ತಿದ್ದರು. ನಮಗೆ ಎರಡೂ ಒಂದೇ ಭಾಷೆ ಎಂದುಕೊಂಡಿದ್ದೆವು. ಶಾಲೆಗೆ ಹೋದ ಮೇಲೆಯೇ ಅವು ಎರಡು ಎಂದು ಗೊತ್ತಾದದ್ದು. ಮೇಷ್ಟ್ರು ಗೊತ್ತುಮಾಡಿಸಿದರು, ಬೆರಳ ಗೆಣ್ಣಿನ ಮೇಲೆ. ಕಳೆದ ವರ್ಷ ಬಚ್ಚಲಿನಲ್ಲಿ ಚಲಪತಿಯ ರೀತಿಯಲ್ಲಿ ಹದಿನೇಳರ ಮಗ್ಗಿ ಹೇಳಿ ನೋಡಿದೆ. ಈ ಸಲವೂ ಹದಿನೇಳು ಏಳಕ್ಕೆ ಉಸಿರು ಮುರಿಯಿತು. ಹೊರಗೆ ಜಾನಕಿ, “ರೀ, ಬಿದ್ರಾ?” ಎಂದು ಬಾಗಿಲು ಬಡಿದಳು.

ಈಗಿನವರು ಒಂದು ಮಧ್ಯಾಹ್ನಕ್ಕೆ ಹಾಡು ಕಟ್ಟುತ್ತಾರೆ. ಇವರಿಬ್ಬರೂ ಮೊದಲು ಕಟ್ಟಿದ್ದು ಹೇಗೆ ಎಂದು ಹೇಳುತ್ತೇನೆ. ಗಲ್ಫಿನಿಂದ ಬಂದ ಯಾರದೋ ಟೇಪ್ ರೆಕಾರ್ಡರ್ ರಿಪೇರಿಗೆ ಬಂತು. ಒಳಗೆ ಹೆಸರಿಲ್ಲದ ಒಂದು ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಸೆಟ್ಟು ಸರಿಯಾಯಿತೇ ಎಂದು ನೋಡಲು ಬಾಬಾಜಾನ್ ಅದನ್ನೇ ಹಾಕಿದ. ಯಾವುದೋ ದೇಶದ ಯಾರೋ ತರುಣರು ಸಿಟ್ಟಿನಿಂದ ಮಾತಾಡುತ್ತಿದ್ದರು, ಮಾತಿನ ಕೆಳಗೆ ಡ್ರಮ್ಮು. ಮಾತೊಂದೂ ಅರ್ಥವಾಗಲಿಲ್ಲ, ಸಿಟ್ಟು ಪೂರ್ತಿ ಅರ್ಥವಾಯಿತು. ಮೆಟ್ಟಿಲಿಳಿದು ಬರುತ್ತಿದ್ದ ಚಲಪತಿ ಅಲ್ಲೇ ನಿಂತ. ಸೆಟ್ಟಿನ ಯಜಮಾನ ಬರುವ ತನಕ, ಹನ್ನೊಂದು ದಿನ, ಇಬ್ಬರೂ ಅದನ್ನೇ ಕೇಳಿದರು.

ಆಮೇಲೆ ತಮ್ಮದು ಮಾಡಹೊರಟರು. ಎರಡು ಕ್ಯಾಸೆಟ್ ಹಿಡಿಸುವ ಸೆಟ್ಟು. ಎಡಗಡೆ ಯಾವುದೋ ಸಿನಿಮಾ ಹಾಡು. ಹಾಡಿನ ನಡುವೆ ಗಾಯಕರು ಸುಮ್ಮನಾಗಿ ಬರೀ ಡ್ರಮ್ಮು ಬರುವ ಜಾಗ ನಾಲ್ಕು ಸೆಕೆಂಡು ಇರುತ್ತದೆ. ಬಲಗಡೆಯ ಕ್ಯಾಸೆಟ್ಟಿಗೆ ಆ ನಾಲ್ಕು ಸೆಕೆಂಡು ಇಳಿಸಿ, ಟೇಪನ್ನು ತಡೆದು ನಿಲ್ಲಿಸುವ ಪಾಸ್ ಗುಂಡಿ ಒತ್ತಬೇಕು. ಎಡಗಡೆಯದನ್ನು ಹಿಂದಕ್ಕೆ ಸುತ್ತಿ ಮತ್ತೆ ಅದೇ ನಾಲ್ಕು ಸೆಕೆಂಡು. ಹೀಗೆ ಐವತ್ತು ಸಲ ಮಾಡಿದರೆ ಮೂರು ನಿಮಿಷದ ತಾಳ. ಬೆರಳು ಕೂದಲೆಳೆ ತಡವಾದರೆ ತಾಳ ಕುಂಟುತ್ತದೆ. ಅದನ್ನು ಒಂದು ಸೆಟ್ಟಿನಲ್ಲಿ ಹಾಡಿಸುತ್ತಾ, ಶಾಮಿಯಾನದವರಿಂದ ತಂದ ಮೈಕಿನಲ್ಲಿ ಚಲಪತಿ ಕೂಗುತ್ತಾ, ಎರಡನ್ನೂ ಮತ್ತೊಂದು ಸೆಟ್ಟಿಗೆ ಇಳಿಸಬೇಕು. ಒಂದೊಂದು ಸಲ ಇಳಿಸಿದಾಗಲೂ ಕಾದ ಹೆಂಚಿನ ಮೇಲೆ ದೋಸೆ ಹುಯ್ದಂಥ ಸದ್ದು ಒಂದು ಪದರ ಹೆಚ್ಚುತ್ತದೆ. ರೆಕಾರ್ಡಿಂಗ್ ಭಾನುವಾರ, ನನ್ನ ಇನ್‌ಸ್ಟಿಟ್ಯೂಟಿನಲ್ಲಿ. ಗೋಡೆಗೆ ಯಂತ್ರಗಳ ಮುಸುಕುಗಳನ್ನೆಲ್ಲ ತೂಗುಹಾಕಿ ಸದ್ದು ಗುಂಯ್ಗುಡದಂತೆ ಮಾಡುತ್ತಿದ್ದರು.

ಅವರು ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ರೆಕಾರ್ಡ್ ಮಾಡುತ್ತಿದ್ದದ್ದು ಸುತ್ತಲಿನ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತು. ಕರೆಂಟು ಸೊರಗುತ್ತದೆ, ಸೆಟ್ಟಿನ ಮೋಟರು ನಿಧಾನ ತಿರುಗುತ್ತದೆ. ನಿಧಾನ ತಿರುಗಿದಾಗ ಇಳಿಸಿದ್ದನ್ನು ಪಂಪು ನಿಂತ ಮೇಲೆ ಹಾಕಿ ಕೇಳಿದರೆ ಎಲ್ಲವೂ ಬೇಗ ಓಡುತ್ತದೆ. ನಗರದ ರಾಜನ ದನಿ ಆರು ವರ್ಷದ ಹೆಣ್ಣುಮಗುವಿನದಾಗಿತ್ತು. ಚಲಪತಿ ಆ ದಿನ ಊಟ ಮಾಡಲಿಲ್ಲವಂತೆ. ಬಾಬಾಜಾನ್ ಮಾತ್ರ ತಲೆ ಓರೆಮಾಡಿ ಮತ್ತೊಂದು ಸಲ ಕೇಳಿದ. “ಇದು ಚೆನ್ನಾಗೈತಲ್ಲ,” ಎಂದನಂತೆ.

ಅವನ ಕೈ ಬೆಳೆದದ್ದು ಅಲ್ಲಿಂದ ಎಂದು ನನ್ನ ಅಭಿಪ್ರಾಯ. ಎರಡು ಸಾವಿರದ ಸುಮಾರಿಗೆ ಅವನ ಹತ್ತಿರ ಒಂದು ಹಳೆಯ ಕೀಬೋರ್ಡ್ ಬಂತು. ಗುಂಡಿ ಒತ್ತಿದರೆ ತಾನೇ ತಾಳ ಹಾಕುವುದು. ಒಂದು ವರ್ಷ ಅದರ ಹುಚ್ಚು ಹಿಡಿದು ಎಲ್ಲ ಗುಂಡಿಯನ್ನೂ ಎಲ್ಲ ಹಾಡಿನಲ್ಲೂ ಒತ್ತಿದ. ಹಾಡು ಮದುವೆ ಮನೆಯ ಪಾತ್ರೆ ತೊಳೆಯುವ ಜಾಗದಂತಿತ್ತು. ಆಮೇಲೆ ಅದನ್ನು ಬದಿಗಿಟ್ಟು ಊರಿನ ಸದ್ದು ಹಿಡಿಯಲು ಶುರುಮಾಡಿದ. ತಮಟೆ, ನೂಲು ತೆಗೆಯುವ ರಾಟೆ, ಬಸ್ ಸ್ಟ್ಯಾಂಡಿನ ಕಂಡಕ್ಟರ್ ಸಿಳ್ಳೆ. ಒಂದು ಭಾನುವಾರ ನಾನು ಪಕ್ಕದ ಕೋಣೆಯಲ್ಲಿ ಯಾರದೋ ತುರ್ತು ಅರ್ಜಿ ಟೈಪ್ ಮಾಡುತ್ತಿದ್ದೆ. ಸಾಲು ಮುಗಿಯುವ ಮುಂಚೆ ಯಂತ್ರ ಗಂಟೆ ಹೊಡೆಯುತ್ತದೆಯಲ್ಲ, ಆ ಗಂಟೆ ಸರಿಯಾಗಿ ಅವರ ನಾಲ್ಕನೇ ಪೆಟ್ಟಿನ ಮೇಲೆ ಬಿತ್ತು. ಮುಂದಿನ ಸಾಲಿಗೂ ಬಿತ್ತು. ಮೂವತ್ತು ವರ್ಷ ಸಮವಾಗಿ ಬಡಿದ ಬೆರಳು, ಇನ್ನೆಲ್ಲಿ ಬೀಳುತ್ತದೆ? ಬಾಬಾಜಾನ್ ಓಡಿಬಂದು, “ನಿಲ್ಲಿಸ್ಬೇಡಿ ಸಾರ್, ನಿಲ್ಲಿಸ್ಬೇಡಿ!” ಎಂದ. ಅರ್ಜಿ ಮುಗಿದಿತ್ತು. ಇನ್ನೊಂದು ಪ್ರತಿ ಹೊಡೆದೆ. ಹಿಪ್ ಹಾಪಿಗೆ ನನ್ನ ಕೊಡುಗೆ ಜಮೀನು ಅಳೆದು ಪೋಡಿ ಮಾಡಿಕೊಡಬೇಕೆಂದು ಕೋರುವ ಒಂದು ಅರ್ಜಿ. ಈಗಲೂ ಆ ಬಸ್ಸುಗಳಲ್ಲಿ ಅದು ಓಡುತ್ತಿದೆ.

ಚಲಪತಿಯ ಮಾತೂ ಅದೇ ಕಾಲಕ್ಕೆ ತಿರುಗಿತು. ಮಾಲೂರು ತಾಲ್ಲೂಕಿನ ಲಕ್ಕೂರಿನ ಬಳಿ ಒಂದು ಕಾರ್ಖಾನೆಯ ಗೇಟಿನಲ್ಲಿ ದಿನಗೂಲಿಗೆ ನಿಲ್ಲುತ್ತಿದ್ದ. ಗನ್ನು, ಕಾರು ಎಲ್ಲ ತಾನಾಗಿ ಉದುರಿಹೋದವು. “ಲಕ್ಕೂರ್ ಗೇಟಲ್ ನಿಂತೆ, ಲೈನಲ್ ನಿಂತೆ, ಲೆಕ್ಕಕ್ಕಿಲ್ದೆ ನಿಂತೆ,” ಎಂದು ಶುರುವಾಗುವ ಹಾಡು ಆ ದಿನಗಳದ್ದು. ಮೊದಲು ಸಾಲಿನ ತುದಿಗೆ ಮಾತ್ರ ಪ್ರಾಸ ಕಟ್ಟುತ್ತಿದ್ದ, ದನಕ್ಕೆ ಬಾಲದಲ್ಲಿ ಗಂಟೆ ಕಟ್ಟಿದ ಹಾಗೆ. ಈಗ ಪ್ರಾಸ ಸಾಲಿನ ಹೊಟ್ಟೆಯೊಳಗೆ ಬಂತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಕಾಗದದ ಮೇಲೆ ಅಡ್ಡಗೆರೆ ಹಾಕಿಕೊಳ್ಳುವುದನ್ನು ಕಲಿತ. ಟೈಪಿಂಗ್ ಪರೀಕ್ಷೆಯಲ್ಲಿ ತಪ್ಪಾದರೆ ರಬ್ಬರ್ ಮುಟ್ಟುವ ಹಾಗಿಲ್ಲ, ಮುಂದೆ ಹೋಗಬೇಕು ಎಂದು ನಾನು ಹೇಳುತ್ತಿದ್ದೆ. ಅವನೂ ಹಾಗೇ ಒಂದೇ ಓಟಕ್ಕೆ ಹೇಳಿ ಮುಗಿಸುತ್ತಿದ್ದ.

ಆಮೇಲೆ ಕಂಪ್ಯೂಟರ್ ಬಂತು. ಬಾಬಾಜಾನ್ ಬೆಂಗಳೂರಿನಿಂದ ಬಿಡಿಭಾಗ ತಂದು ತಾನೇ ಜೋಡಿಸಿದ. ಪರದೆಯ ಮೇಲೆ ಸದ್ದುಗಳನ್ನು ಬಣ್ಣದ ಇಟ್ಟಿಗೆಗಳಂತೆ ಸಾಲಾಗಿ ಜೋಡಿಸಬಹುದು. ಐವತ್ತು ಸಲ ಪಾಸ್ ಒತ್ತಿದ್ದು ಈಗ ಒಂದು ಕ್ಲಿಕ್. ಈಗ ಇವನು ನೂರು ಸದ್ದು ತುಂಬುತ್ತಾನೆ ಎಂದು ನಾನು ಹೆದರಿದ್ದೆ. ಅವನು ತೆಗೆಯುತ್ತಾ ಹೋದ. ಒಂದು ತಮಟೆ, ಒಂದು ತಗ್ಗಿನ ಗುಡುಗು, ನಡುವೆ ಖಾಲಿ ಜಾಗ. “ಜಾಗ ಬಿಟ್ರೆ ಇವನ ಮಾತು ಬಂದು ಕೂತ್ಕೊಳ್ತದೆ ಸಾರ್. ಮುಂಚೆ ನಿಂತ್ಕೊಂಡೇ ಇರ್ತಿತ್ತು,” ಎಂದ. ಬೇಕೆಂದೇ ಕೆಲವು ಕಡೆ ದನಿಯನ್ನು ಓಡಿಸಿ ಆ ಸೊರಗಿದ ಕರೆಂಟಿನ ಹೆಣ್ಣುಮಗುವನ್ನು ವಾಪಸು ತಂದ. ಚಲಪತಿ ಕೂಗುವುದನ್ನು ಬಿಟ್ಟ. ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ, ಕಟ್ಟೆಯ ಮೇಲೆ ಕೂತು ಮಾತಾಡುವವನ ಹಾಗೆ ಹೇಳತೊಡಗಿದ. ಮೂರು ಅಕ್ಷರ ಓಟ, ಒಂದು ಅಕ್ಷರ ನಿಲುಗಡೆ. ನಾನು ಎರಡು ಸಲ ಫೇಲು ಮಾಡಿಸಿದ ಆ ಬೆರಳು.

ಅವನು ಬೆಳೆದದ್ದು ನನಗೆ ಖಚಿತವಾದದ್ದು ಕೋಲಾರದಲ್ಲಿ. ಒಂದು ಯುವಜನ ಕಾರ್ಯಕ್ರಮ. ಇವರಿಗೆ ಹತ್ತು ನಿಮಿಷ ಕೊಟ್ಟಿದ್ದರು. ನಾನೂ ಜೊತೆಗೆ ಹೋಗಿದ್ದೆ. ವೇದಿಕೆಯ ಹಿಂದೆ ಶಾಲು ಹೊದ್ದ ಸಂಘಟಕರೊಬ್ಬರು ಬಂದು, ಹಾಡಿನಲ್ಲಿ ತೆಲುಗು ಬೆರೆತಿದೆಯಂತೆ, ಅದನ್ನು ತೆಗೆದು ಶುದ್ಧ ಕನ್ನಡದಲ್ಲಿ ಹೇಳಲಿ ಎಂದರು.

“ತೆಗೀಬೋದು ಸಾರ್,” ಎಂದ ಚಲಪತಿ. “ಆದ್ರೆ ತೆಗೆದ್ಮೇಲೆ ನಾನಿರಲ್ಲ, ನೀವೇ ಹೇಳ್ಬೇಕು.”

ವೇದಿಕೆ ಹತ್ತಿ ಇದನ್ನು ಹೇಳಿದ:

“ಇಂಟ್ಲೋ ಅಮ್ಮ ‘ರಾ’ ಅಂದ್ಲು, ಬೀದೀಲಪ್ಪ ‘ಬಾ’ ಅಂದ,
ಎರಡು ಕರೆಗೂ ಓಡಿದ್ ನಾನೇ, ಯಾವೋನ್ ನನ್ನ ‘ಹೋಗ್’ ಅಂದ?”

ಎರಡನೇ ಸಾಲಿಗೇ ಮೈಕು ಸತ್ತಿತು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಿತ್ತು. ಬಾಬಾಜಾನ್ ಒಂದು ಕಬ್ಬಿಣದ ಕುರ್ಚಿ ಮಗುಚಿ ಬಡಿಯಲು ಶುರುಮಾಡಿದ. ಚಲಪತಿ ಮೈಕಿಲ್ಲದೆ, ಕೂಗದೆ, ಮುಂದಿನ ನಾಲ್ಕು ಸಾಲು ಬೆಂಚಿಗೆ ಮಾತ್ರ ಕೇಳುವಂತೆ ಹತ್ತು ನಿಮಿಷ ಪೂರ್ತಿ ಹೇಳಿದ. ನಾನು ಗಡಿಯಾರ ಹಿಡಿದು ನಿಂತಿದ್ದೆ. ಶಾಲಿನವರು ನನ್ನ ಹತ್ತಿರ ಬಂದು, “ಹಿರಿಯರು, ನೀವಾದರೂ ಹೇಳಬಾರದೇ?” ಎಂದರು. “ಇನ್ನೂ ಮೂರು ನಿಮಿಷ ಇದೆ,” ಎಂದೆ.

ಆ ದಿನದಿಂದ ಊರಿನಲ್ಲಿ ಯಾರು ಸಿಕ್ಕಿದರೂ ನಾನು ಒಂದು ಕಥೆ ಹೇಳುತ್ತಾ ಬಂದೆ. ಈ ಇಬ್ಬರನ್ನು ಎಲ್ಲರೂ ಓಡಿಸಿದಾಗ ಜಾಗ ಕೊಟ್ಟವನು ನಾನು. ಒಂದು ಭಾನುವಾರ ಕುರುಡುಮಲೆ ದೇವಸ್ಥಾನದಿಂದ ಬೇಗ ಬಂದೆ, ಮಹಡಿಯಲ್ಲಿ ಇವರು ಹಾಡುತ್ತಿದ್ದರು, ಕೇಳಿದೆ, ಬೆನ್ನು ತಟ್ಟಿದೆ, ಕೀಲಿಕೈ ಕೊಟ್ಟೆ. ಸಂತೋಷಪಟ್ಟು ಮೊದಲ ಕ್ಯಾಸೆಟ್ಟನ್ನು ನನ್ನ ಕೈಗೇ ಒಪ್ಪಿಸಿದರು. ಎಷ್ಟು ಸಲ ಹೇಳಿದ್ದೇನೆ ಎಂದರೆ ಕಥೆ ಒಂದು ಅಕ್ಷರ ತಪ್ಪದೆ ಬರುತ್ತದೆ.

ಈ ಭಾನುವಾರ ಚಲಪತಿಗೂ ಅದನ್ನೇ ಹೇಳಿದೆ. “ನೀವೇ ನಂಬಿ ಕೊಟ್ಟ ವಸ್ತು ಕಣಯ್ಯ. ಸುಡೋದಕ್ಕೆ ವಾಪಸು ಕೇಳ್ತೀಯಲ್ಲ.”

ಚಲಪತಿ, ಬಾಬಾಜಾನ್ ಮುಖ ಮುಖ ನೋಡಿಕೊಂಡರು.

“ಒಂದ್ಸಲ ಹಾಕಿ ಕೇಳ್ರಿ, ಆಮೇಲೆ ಜಗಳ ಆಡಿ,” ಎಂದಳು ಜಾನಕಿ, ಒಳಗಿನಿಂದ ಬಂದು. “ಇರೋದೇ ಸರಿಯಾಗಿದೆಯೋ ಇಲ್ಲವೋ.”

ಬಾಬಾಜಾನ್ ಒಂದು ಹಳೆಯ ಸೆಟ್ಟನ್ನೂ ಲ್ಯಾಪ್‌ಟಾಪನ್ನೂ ಚೀಲದಲ್ಲಿ ತಂದಿದ್ದ. ಅವನಿಗೆ ಸುಡುವ ಮನಸ್ಸಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಎಂಟು ಗಂಟೆ ಐವತ್ತು ನಿಮಿಷಕ್ಕೆ ಕ್ಯಾಸೆಟ್ಟು ಹಾಕಿದೆವು. ಅದು ಯಾರದೋ ಮದುವೆಯ ಕ್ಯಾಸೆಟ್ಟು. ಬಿ ಸೈಡಿನಲ್ಲಿ ಇನ್ನೂ ನಾದಸ್ವರವಿತ್ತು, ಖಾಲಿಯಿದ್ದ ಎ ಸೈಡಿನಲ್ಲಿ ಇವರು. ದೋಸೆಯ ಸದ್ದು. ಕುಂಟುವ ಡ್ರಮ್ಮು. ಆಮೇಲೆ ಆ ಪುಟ್ಟ ಹೆಣ್ಣುದನಿ: ಐ ಯಾಮ್ ದಿ ಕಿಂಗ್ ಆಫ್ ದಿ ಸಿಟಿ. ಚಲಪತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೂವತ್ತನಾಲ್ಕು ವರ್ಷದ ಗಂಡಸು, ಕಿವಿಯ ತುದಿ ಕೆಂಪಾಗಿತ್ತು. ನಾನು ಹಿಂದೊಮ್ಮೆ ಈ ಮೊದಲ ಹಾಡನ್ನಷ್ಟೇ ಕೇಳಿದ್ದೆ. ಈ ಸಲ ನಿಲ್ಲಿಸಲಿಲ್ಲ. ಎರಡನೆಯದು ಬಂತು, ಮೂರನೆಯದು, ನಾಲ್ಕನೆಯದು. ನಾಲ್ಕನೆಯದರ ನಡುವೆ ಬಾಗಿಲು ಧಡಾರನೆ ತೆರೆದ ಸದ್ದು. ಆಮೇಲೆ ಒಂದು ಗಂಡಸಿನ ದನಿ. ಅದೂ ಸೊರಗಿದ ಕರೆಂಟಿನಿಂದಾಗಿ ಕೀರಲಾಗಿತ್ತು. ಆದರೂ ಯಾರದೆಂದು ಗೊತ್ತಾಗದಿರುವ ಹಾಗಿರಲಿಲ್ಲ.

“ಯಾರ್ರೋ ಅದು? ಯಾರ್ ಕೇಳಿ ಬೀಗ ತೆಗೆದ್ರಿ? ಇದು ಹಾಡೇನೋ? ಕನ್ನಡಾನೂ ನೆಟ್ಟಗೆ ಬರಲ್ಲ, ತೆಲುಗೂ ಬರಲ್ಲ, ಇಂಗ್ಲಿಷ್ ಅಂತೂ ಕೇಳಲೇಬೇಡ. ನಿನ್ನಂಥೋನಿಗೆ ಟೈಪಿಂಗೇ ಹೆಚ್ಚು ಕಣೋ, ದನ ಕಾಯೋನೆ! ನಡೀರಿ ಆಚೆ! ಕೊಡಿಲ್ಲಿ ಅದನ್ನ, ಕೊಡೋ...”

ಟಕ್. ಸದ್ದು ನಿಂತಿತು. ಮುಂದೆ ಬರೀ ಖಾಲಿ ಟೇಪು.

ಚಲಪತಿ ಮೆಲ್ಲಗೆ, “ನಾವು ಕೊಡ್ಲಿಲ್ಲ ಸಾರ್. ನೀವು ಕಿತ್ಕೊಂಡ್ರಿ. ಇದೂ ರೆಕಾರ್ಡ್ ಆಗೈತೆ ಅಂತ ನಮಗೂ ಗೊತ್ತಿರ್ಲಿಲ್ಲ,” ಎಂದ.

“ಮತ್ತೆ ಕೀಲಿಕೈ?” ಎಂದೆ.

“ನಾನು ಕೊಟ್ಟಿದ್ದು,” ಎಂದಳು ಜಾನಕಿ. “ಮುಂಚೇನೂ ನಾನೇ, ಆಮೇಲೂ ನಾನೇ. ನೀವು ಬೈದ್ಮೇಲೆ ಹುಡುಗರು ಮೂರು ವಾರ ಆ ಕಡೆ ತಲೆ ಹಾಕಲಿಲ್ಲ ಪಾಪ. ನಾನೇ ಹೇಳಿಕಳಿಸ್ದೆ. ನೀವು ಭಾನುವಾರ ಹತ್ತಕ್ಕೆ ಕುರುಡುಮಲೆಗೆ ಸೈಕಲ್ ಹತ್ತಿದ್ರೆ ಹನ್ನೆರಡರ ತನಕ ಬರೋ ಪೈಕಿ ಅಲ್ಲ ಅಂತ ಊರಿಗೇ ಗೊತ್ತು. ಬರ್ತಾ ಬರ್ತಾ ನಿಮಗೇ ಅವರ ಹಾಡು ಅಭ್ಯಾಸ ಆಗೋಯ್ತು.”

“ಇಷ್ಟು ವರ್ಷ ನಾನು ಹೇಳ್ತಾ ಇದ್ದಾಗ ಸುಮ್ಮನೆ ಇದ್ದೆಯಲ್ಲ?”

“ಚೆನ್ನಾಗಿ ಹೇಳ್ತಿದ್ರಿ. ಯಾಕೆ ಕೆಡಿಸ್ಬೇಕು?”

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ. ಆ ಬೆಂಗಳೂರಿನ ತರುಣ ಮುಂದಿನ ಭಾನುವಾರ ಬರುತ್ತಾನೆ. ಹಾಡುಗಳ ಜೊತೆ ಇದೂ ಹೋಗುತ್ತದೆ. ಶ್ರೀನಿವಾಸಪುರದ ಬಸ್ಸಿನಲ್ಲಿ, ಮಾಲೂರಿನ ಅಂಗಡಿಯಲ್ಲಿ, ನನ್ನ ಎದುರು ಮನೆಯಲ್ಲಿ ಕೇಳಿಸುತ್ತದೆ. ದನ ಕಾಯುವವನೇ ಎಂದು ಕಿರುಚುವ ಟೈಪಿಂಗ್ ಮೇಷ್ಟ್ರು.

“ಬಾಬಾಜಾನ್,” ಎಂದೆ, ಹಿಂದಿರುಗಿ ನೋಡದೆ. “ಕೊನೆಯ ಆ ತುಂಡು ಹಾಡಲ್ಲವಲ್ಲ. ಅದನ್ನು ಬಿಟ್ಟು ಮಿಕ್ಕಿದ್ದನ್ನ ಇಳಿಸಿಕೊಳ್ಳಬಹುದು. ಕ್ಯಾಸೆಟ್ಟಿನಲ್ಲೂ ಅಷ್ಟನ್ನ ಅಳಿಸಿಬಿಟ್ಟರೆ...”

“ಆಗ್ಲಿ ಸಾರ್,” ಎಂದ ಚಲಪತಿ, ಬಾಬಾಜಾನ್ ಬಾಯಿ ತೆರೆಯುವ ಮೊದಲು. “ನಿಮ್ದು ಅಳ್ಸಿದ್ರೆ ನಂದೂ ಅಳ್ಸ್ಬೇಕು. ಬಿಟ್ರೆ ಎರಡೂ ಬಿಡಬೇಕು. ಹೇಳಿ, ಯಾವ್ದು?”

ಅವನ ದನಿಯಲ್ಲಿ ಕೊಂಕಿರಲಿಲ್ಲ. ಅವನಿಗೆ ನಿಜವಾಗಿ ಅಳಿಸುವುದೇ ಬೇಕಾಗಿತ್ತು. ನಾನು ಹೂಂ ಎಂದಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಮೂವತ್ತು ಸೆಕೆಂಡಿನ ಕೆಲಸ. ನಿಮ್ಮ ಮುಂದೆ ಸುಳ್ಳು ಹೇಳಿ ಉಪಯೋಗವಿಲ್ಲ, ಆ ಮೂವತ್ತು ಸೆಕೆಂಡನ್ನು ನಾನು ಗಂಭೀರವಾಗಿ ಯೋಚಿಸಿದೆ. ಎಷ್ಟೋ ಜನರ ಮೊದಲ ಹಾಳೆಯನ್ನು ಅವರು ಗೋಗರೆದರೂ ಕೊಡದೆ ಇಟ್ಟುಕೊಂಡವನು, ನನ್ನದು ಒಂದು ಸಿಕ್ಕಿದ ಕೂಡಲೇ ರಬ್ಬರ್ ಹುಡುಕುತ್ತಿದ್ದೇನೆ.

“ಎರಡೂ ಬಿಡು,” ಎಂದೆ. “ಮೊದಲಿನಿಂದ ಕೊನೆಯ ತನಕ ಇಳಿಸು. ಬಾಗಿಲು ಬಡಿದ ಸದ್ದು, ನಾನು ಬೈದದ್ದು, ಟಕ್ ಅಂದದ್ದು, ಎಲ್ಲ. ಯಾರು ನಗ್ತಾರೋ ನಗಲಿ. ನಕ್ಕವರು ತಮ್ಮ ಮೊದಲನೇ ಹಾಳೆ ತಂದು ತೋರಿಸಲಿ.”

“ಸಾರ್, ನನ್ ಕಿಂಗ್ ಆಫ್ ದಿ ಸಿಟಿ?”

“ಅದೂ. ನಿನ್ನನ್ನ ನೋಡಿ ನಗುವವರು ಮೊದಲು ನನ್ನನ್ನ ನೋಡಿ ನಗ್ತಾರೆ. ನನ್ನ ಹಿಂದೆ ನಿಂತ್ಕೋ.”

ಚಲಪತಿ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಇಟ್ಟ. “ಏಮ್ರಾ ಬಾಬಾ, ಹಾಕು,” ಎಂದ.

ಬಾಬಾಜಾನ್ ತಂತಿ ಸಿಕ್ಕಿಸಿದ. ಕ್ಯಾಸೆಟ್ಟನ್ನು ಅವಸರಪಡಿಸಲು ಬರುವುದಿಲ್ಲ. ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಕೂತು ಕೇಳಬೇಕು. ಒಂಬತ್ತು ಗಂಟೆ ನಲವತ್ತಕ್ಕೆ ಶುರು, ಹತ್ತು ಗಂಟೆ ಐದಕ್ಕೆ ಮುಗಿಯಿತು. ಎರಡನೇ ಸಲ ಕೇಳಿದಾಗ ಮೂರನೇ ಹಾಡಿನ ಒಂದು ಕಡೆ ಚಲಪತಿ ಮುಖದಿಂದ ಕೈ ತೆಗೆದು, “ಇಲ್ಲಿ ಉಸ್ರು ಚೆನ್ನಾಗಿ ಹಿಡಿದಿದೀನಲ್ವೇನ್ಲಾ?” ಎಂದ. “ಅಲ್ಲೊಂದೇ ಕಡೆ,” ಎಂದ ಬಾಬಾಜಾನ್. ನನ್ನ ಬೈಗುಳ ಬಂದಾಗ ಜಾನಕಿ ಮತ್ತೊಂದು ಸಲ ಹಾಕು ಎಂದಳು. ಹಾಕಲು ನಾನು ಬಿಡಲಿಲ್ಲ. ನಿಯಮಕ್ಕೂ ಒಂದು ಮಿತಿ ಇದೆ.

ಇಳಿಸಿದ್ದು ಮುಗಿದ ಮೇಲೆ ಬಾಬಾಜಾನ್ ಕ್ಯಾಸೆಟ್ಟನ್ನು ತಿರುಗಿಸಿ ಅದರ ಬೆನ್ನು ತೋರಿಸಿದ. ಅಲ್ಲಿ ಒಂದೊಂದು ಸೈಡಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಆ ಸೈಡಿನ ಮೇಲೆ ಬೇರೇನೂ ರೆಕಾರ್ಡ್ ಮಾಡಲು, ಅಳಿಸಲು ಸೆಟ್ಟು ಬಿಡುವುದಿಲ್ಲ. ಮದುವೆಯವರು ತಮ್ಮ ಕಡೆಯದನ್ನು ಆಗಲೇ ಮುರಿದಿದ್ದರು. ನಮ್ಮ ಕಡೆಯದು ಹದಿಮೂರು ವರ್ಷ ಹಾಗೇ ಇತ್ತು.

ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡೆ. ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಮುರಿದೆ. ಕ್ಯಾಸೆಟ್ಟನ್ನು ಸೆಟ್ಟಿಗೆ ಹಾಕಿ, “ಒತ್ತಿ ನೋಡು,” ಎಂದೆ. ಚಲಪತಿ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿದ. ಅದು ಇಳಿಯಲಿಲ್ಲ. ನಾನೂ ಒತ್ತಿ ನೋಡಿದೆ. ನನಗೂ ಇಳಿಯಲಿಲ್ಲ.